ಭಾಸ್ಕರ ಎಂಬ ಹೆಸರು ಈಗಾಗಲೇ ಬಳಕೆಯಲ್ಲಿದೆ: ಯೂಸರ್‌ನೇಮ್ ಗೊಂದಲಕ್ಕೂ 12ನೇ ಶತಮಾನದ ಗಣಿತಜ್ಞನಿಗೂ ಏನು ನಂಟು?

ಚಿಕ್ಕೋಡಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ನಾವು ಮೊನ್ನೆ ಒಂದು ಮಧ್ಯಾಹ್ನ ಕೂತಿದ್ದೆವು. ಹೊಲದ ಕೆಲಸ ಬಿಟ್ಟು ಬಂದಿದ್ದ ಹಿರಿಯರೊಬ್ಬರಿಗೆ ಹೊಸ ಗ್ರಾಹಕರಾಗಿ ಖಾತೆ ತೆರೆಯಬೇಕಿತ್ತು. ಅವರನ್ನು ಮಲ್ಲಪ್ಪ ಅಂತ ಕರೆಯೋಣ, ನಿಜವಾದ ಹೆಸರು ಬೇಡ. ವಿಳಾಸ, ಮೊಬೈಲ್ ನಂಬರ್ ಎಲ್ಲ ಸರಾಗವಾಗಿ ತುಂಬಿತು. ಯೂಸರ್‌ನೇಮ್ ಎಂಬ ಚೌಕಕ್ಕೆ ಬಂದಾಗ ಗಾಡಿ ನಿಂತಿತು. ಮಲ್ಲಪ್ಪ ಎಂದು ಟೈಪ್ ಮಾಡಿದರೆ, ಈ ಹೆಸರು ಈಗಾಗಲೇ ಬಳಕೆಯಲ್ಲಿದೆ ಎಂದು ಕೆಂಪು ಅಕ್ಷರ ಬಂತು. ಮುಂದೆ ಪಾಟೀಲ ಸೇರಿಸಿದರೂ ಅದೇ ಉತ್ತರ. ಈ ಭಾಗದಲ್ಲಿ ಪಾಟೀಲ, ಕಾಂಬಳೆ, ನಾಯಿಕ, ಮಗದುಮ್ಮ ಎಂಬ ಮನೆತನಗಳು ಊರೂರಿಗೂ ಇರುವಾಗ ಇನ್ನೇನಾಗುತ್ತದೆ? ಸೆಂಟರಿನ ಹುಡುಗ ಹುಟ್ಟಿದ ಇಸವಿ ಸೇರಿಸಿದ, ಆಗಲಿಲ್ಲ. ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ ಸೇರಿಸಿದ, ಹಸಿರು ಗುರುತು ಬಂತು. ಪಾಸ್‌ವರ್ಡ್ ಜಾಗದಲ್ಲೂ ಅದನ್ನೇ ಸ್ವಲ್ಪ ತಿರುಗಿಸಿ ಹಾಕಿ, ಮರೆಯದಿರಲಿ ಅಂತ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟ.

ಅದೇ ವಾರ ಅಥಣಿ ಕಡೆಯ ಫ್ಯಾಮಿಲಿ ಗ್ರೂಪೊಂದರಿಂದ ನಮಗೆ ಒಂದು ಫಾರ್ವರ್ಡ್ ಬಂತು. ವಿಜಯಪುರದ ಭಾಸ್ಕರಾಚಾರ್ಯ 900 ವರ್ಷಗಳ ಹಿಂದೆಯೇ ಪಾಸ್‌ವರ್ಡ್ ಸೂತ್ರ ಕಂಡುಹಿಡಿದಿದ್ದ, ಇವತ್ತಿನ ಓಟಿಪಿ ಅವನ ಲೀಲಾವತಿಯಿಂದಲೇ ಬಂದದ್ದು, ಆ ಸೂತ್ರದ ಪ್ರಕಾರ ಹೆಸರಿನ ಜೊತೆ ಜನ್ಮದಿನಾಂಕ ಸೇರಿಸಿದರೆ ಜಗತ್ತಿನಲ್ಲಿ ಇನ್ನೊಬ್ಬರಿಗೆ ಸಿಗದ ಯೂಸರ್‌ನೇಮ್ ಆಗುತ್ತದೆ ಎಂಬುದು ಅದರ ಸಾರಾಂಶ. ಇದು ನಿಜವೇ ಎಂದು ಕಳಿಸಿದವರು ಕೇಳಿದ್ದರು.

ಪೂರ್ತಿ ಸುಳ್ಳಲ್ಲ ಎಂಬುದೇ ಈ ಫಾರ್ವರ್ಡಿನ ತೊಂದರೆ. ಭಾಸ್ಕರಾಚಾರ್ಯರ ಜೀವನವನ್ನೇ ಒಮ್ಮೆ ನೋಡಿದರೆ ಯಾವುದು ಕಾಳು, ಯಾವುದು ಹೊಟ್ಟು ಎಂಬುದು ತಿಳಿಯುತ್ತದೆ. ಅದಕ್ಕಿಂತ ಮಜಾ ಎಂದರೆ, ಹೆಸರು ಬೇರೆಯವರ ಬಳಿ ಆಗಲೇ ಇದೆ ಎಂಬ ಪೇಚಿಗೆ ಸ್ವತಃ ಅವರೇ ಸಿಕ್ಕಿಬಿದ್ದಿದ್ದರು.

ತನ್ನನ್ನು ತಾನೇ ನೋಂದಾಯಿಸಿಕೊಂಡವನು

ಹಳೆಯ ಪಂಡಿತರಲ್ಲಿ ಎಷ್ಟೋ ಜನರ ಹುಟ್ಟಿದ ವರ್ಷ ನಮಗೆ ಸಿಗುವುದಿಲ್ಲ. ಭಾಸ್ಕರಾಚಾರ್ಯರದ್ದು ಸಿಗುತ್ತದೆ, ಯಾಕೆಂದರೆ ಅವರೇ ಬರೆದಿಟ್ಟಿದ್ದಾರೆ. ಶಕ ವರ್ಷ 1036, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದ್ದು. ತಮ್ಮ 36ನೇ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತ ಶಿರೋಮಣಿ ಬರೆದದ್ದು. ತಂದೆ ಮಹೇಶ್ವರ, ಗುರುವೂ ಅವರೇ. ಶಾಂಡಿಲ್ಯ ಗೋತ್ರ. ಸಹ್ಯಾದ್ರಿ ಸಾಲಿನ ಬಳಿಯ ವಿಜ್ಜಡವಿಡ ಎಂಬ ಊರು. ಇವತ್ತಿನ ಅರ್ಜಿಯ ಚೌಕಗಳನ್ನೆಲ್ಲ ಅವರು ಶ್ಲೋಕದಲ್ಲೇ ತುಂಬಿದ್ದಾರೆ ಅನ್ನಬಹುದು.

1036 ಎಂಬ ಸಂಖ್ಯೆಯನ್ನು ಬರೆದ ರೀತಿಯೂ ನೋಡುವಂಥದ್ದು. ಅಂಕಿಯ ಬದಲು ಪದಗಳು. ರಸ ಎಂದರೆ ಆರು, ಗುಣ ಎಂದರೆ ಮೂರು, ಪೂರ್ಣ ಎಂದರೆ ಸೊನ್ನೆ, ಮಹೀ ಅಂದರೆ ಭೂಮಿ ಒಂದು. ಬಲದಿಂದ ಎಡಕ್ಕೆ ಓದಿದರೆ 1036. ಇದನ್ನು ಗುಪ್ತ ಸಂಕೇತ, ಪ್ರಾಚೀನ ಪಾಸ್‌ವರ್ಡ್ ಎಂದು ಹೇಳುವವರಿದ್ದಾರೆ. ಅಲ್ಲ. ಇದು ಭೂತಸಂಖ್ಯೆ, ಆ ಕಾಲದ ಓದಿದವರಿಗೆಲ್ಲ ಗೊತ್ತಿದ್ದ ಪದ್ಧತಿ. ಛಂದಸ್ಸಿನ ಲೆಕ್ಕಕ್ಕೆ ಸಂಖ್ಯೆ ಕೂರಿಸಲು ಬಳಸುತ್ತಿದ್ದದ್ದು, ಮುಚ್ಚಿಡಲು ಅಲ್ಲ.

ಇಷ್ಟೆಲ್ಲ ವಿವರ ಯಾಕೆ ಬೇಕಾಗುತ್ತದೆ ಎಂದು ಆಮೇಲಿನ ಇತಿಹಾಸ ತೋರಿಸಿಕೊಟ್ಟಿತು. ಭಾಸ್ಕರ ಎಂಬ ಹೆಸರನ್ನು 500 ವರ್ಷ ಮೊದಲೇ ಇನ್ನೊಬ್ಬ ಗಣಿತಜ್ಞ ಇಟ್ಟುಕೊಂಡಾಗಿತ್ತು. ಆತ 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದವನು, ಮಹಾಭಾಸ್ಕರೀಯ, ಲಘುಭಾಸ್ಕರೀಯಗಳ ಕರ್ತೃ. ಇಬ್ಬರೂ ಗಣಿತ, ಇಬ್ಬರೂ ಖಗೋಳ. ಇತಿಹಾಸಕಾರರು ಕೊನೆಗೆ ಏನು ಮಾಡಿದರು? ನಮ್ಮ ಸೆಂಟರಿನ ಹುಡುಗ ಮಾಡಿದ್ದನ್ನೇ. ಹೆಸರಿನ ಹಿಂದೆ ಅಂಕಿ ಅಂಟಿಸಿದರು: ಒಂದನೇ ಭಾಸ್ಕರ, ಎರಡನೇ ಭಾಸ್ಕರ. ನಮ್ಮವರು ಎರಡನೆಯವರು. ಅವರ ಸ್ವಂತ ವಂಶಾವಳಿಯಲ್ಲಿಯೇ ಹಿಂದೊಬ್ಬ ಭಾಸ್ಕರಭಟ್ಟ ಇದ್ದ ಎಂಬುದು ಬೇರೆ. ಇದು ಸಾಲದೆಂಬಂತೆ ಭಾರತ 1979ರಲ್ಲಿ ಒಂದು, 1981ರಲ್ಲಿ ಇನ್ನೊಂದು ಉಪಗ್ರಹ ಹಾರಿಸಿ ಅವಕ್ಕೂ ಭಾಸ್ಕರ-1, ಭಾಸ್ಕರ-2 ಎಂದೇ ಹೆಸರಿಟ್ಟಿತು. ಗೂಗಲ್‌ನಲ್ಲಿ ಹುಡುಕುವ ಹೈಸ್ಕೂಲ್ ಮಕ್ಕಳ ಪಾಡು ಕೇಳಬೇಡಿ.

ರಾಯಬಾಗದ ಇನ್ನೊಂದು ಲೀಲಾವತಿ

ಹೆಸರಿನ ಗೊಂದಲ ನಮ್ಮ ಊರಿಗೂ ಬಂದಿದೆ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗರಲ್ಲಿ ಒಬ್ಬ ರಾಜಾದಿತ್ಯ. 12ನೇ ಶತಮಾನದ ಜೈನ ಕವಿ, ಊರು ಪೂವಿನಬಾಗೆ. ಈ ಪೂವಿನಬಾಗೆ ಅಥವಾ ಹೂವಿನಬಾಗೆಯೇ ಇಂದಿನ ರಾಯಬಾಗ ಎಂದು ವಿದ್ವಾಂಸರು ಗುರುತಿಸುತ್ತಾರೆ. ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಬರೆದ ಆತನ ಒಂದು ಪುಸ್ತಕದ ಹೆಸರೂ ಲೀಲಾವತಿ. ಆತನಿಗಿದ್ದ ಹಲವು ಹೆಸರುಗಳಲ್ಲಿ ಭಾಸ್ಕರ ಎಂಬುದೂ ಒಂದು ಎಂದು ಕನ್ನಡ ಕವಿಚರಿತೆ ಹೇಳುತ್ತದೆ. ಒಂದೇ ಶತಮಾನ, ಒಂದೇ ವಿಷಯ, ಹೆಸರೂ ಅದೇ, ಪುಸ್ತಕವೂ ಅದೇ! ಎರಡು ಭಾಷೆ, ಎರಡು ತಂದೆಯ ಹೆಸರು, ಎರಡು ಊರು ದಾಖಲಾಗಿಲ್ಲದಿದ್ದರೆ ಇಬ್ಬರೂ ಒಬ್ಬನೇ ಎಂದು ಯಾರಾದರೂ ಫಾರ್ವರ್ಡ್ ಮಾಡಿಬಿಡುತ್ತಿದ್ದರು. ರಾಜಾದಿತ್ಯನ ಹೆಸರು ಅವನ ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ ಎಂಬ ಬೇಸರ ನಮಗಿದೆ.

ಇನ್ನು ಭಾಸ್ಕರಾಚಾರ್ಯರು ವಿಜಯಪುರದವರೇ? ವಿಜ್ಜಡವಿಡ ಎಂಬುದು ಬಿಜಾಪುರವೇ ಎಂದು ಬಹಳ ಜನ ಹೇಳಿಕೊಂಡು ಬಂದಿದ್ದಾರೆ, ಕರ್ನಾಟಕದ ಎಷ್ಟೋ ಬರಹಗಳಲ್ಲಿ ಹಾಗೇ ಇದೆ. ಅಥಣಿಯಿಂದ ಮುಂದಿನ ಜಿಲ್ಲೆಯಾದ್ದರಿಂದ ನಮಗೂ ಹಾಗಿದ್ದರೆ ಖುಷಿಯೇ. ಆದರೆ ವಿಜಯಪುರ ಬಯಲುಸೀಮೆ, ಸಹ್ಯಾದ್ರಿ ಅಲ್ಲಿಂದ ದೂರ. ಇನ್ನೊಂದು ಕಡೆ, ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣೆ ಎಂಬಲ್ಲಿ ಭಾಸ್ಕರಾಚಾರ್ಯರ ಮೊಮ್ಮಗ ಹಾಕಿಸಿದ ಶಾಸನವಿದೆ, ಅದು ಬೆಟ್ಟದ ಬುಡ. ಹೀಗಾಗಿ ಆ ಸುತ್ತಲಿನವರು ಎಂಬ ವಾದಕ್ಕೂ ಬಲವಿದೆ. ವಿಜಯಪುರದವರೇ ಎಂದು ಅಡಿಗೆರೆ ಹಾಕಿ ಹೇಳುವ ಫಾರ್ವರ್ಡ್‌ಗೆ ನಾವು ವಿವಾದಿತ ಎಂಬ ಗುರುತು ಕೊಡುತ್ತೇವೆ.

ಲೀಲಾವತಿ ಅವರ ಮಗಳು, ಮದುವೆಯ ಮುಹೂರ್ತ ತೋರಿಸುವ ನೀರಿನ ಗಡಿಯಾರದಲ್ಲಿ ಅವಳ ಮುತ್ತು ಬಿದ್ದು ಮುಹೂರ್ತ ತಪ್ಪಿತು, ಸಮಾಧಾನಕ್ಕೆ ಅವಳ ಹೆಸರಲ್ಲಿ ಪುಸ್ತಕ ಬರೆದರು ಎಂಬ ಕಥೆ ನೀವು ಕೇಳಿರುತ್ತೀರಿ. ಅದು ನಮಗೆ ಸಿಗುವುದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದಿಂದ, ಅಂದರೆ ಮೂಲ ಬರೆದ 400ಕ್ಕೂ ಹೆಚ್ಚು ವರ್ಷಗಳ ನಂತರ. ಭಾಸ್ಕರಾಚಾರ್ಯರು ಎಲ್ಲೂ ಈ ಕಥೆ ಹೇಳಿಲ್ಲ. ಗುರುತ್ವಾಕರ್ಷಣೆ ಕಂಡುಹಿಡಿದರು ಎಂಬುದೂ ಅರ್ಧ ಮಾತು. ಭೂಮಿಗೆ ಸೆಳೆಯುವ ಶಕ್ತಿ ಇದೆ, ಅದರಿಂದ ವಸ್ತುಗಳು ಬೀಳುತ್ತವೆ ಎಂದು ಅವರು ಬರೆದದ್ದು ನಿಜ. ಎಷ್ಟು ದೂರಕ್ಕೆ ಎಷ್ಟು ಸೆಳೆತ ಎಂಬ ನ್ಯೂಟನ್‌ನ ನಿಯಮ ಅದರಲ್ಲಿಲ್ಲ.

ಶಿವನ ಹತ್ತು ಕೈ, ಹರಿಯ ನಾಲ್ಕು ಕೈ

ಈಗ ಫಾರ್ವರ್ಡಿನ ಮುಖ್ಯ ಮಾತಿಗೆ ಬರೋಣ. ಲೀಲಾವತಿಯ ಕೊನೆಯ ಭಾಗದಲ್ಲಿ ಅಂಕಪಾಶ ಎಂಬ ಅಧ್ಯಾಯವಿದೆ. ಕೊಟ್ಟ ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬುದೇ ಅಲ್ಲಿನ ವಿಷಯ. ಭಾಸ್ಕರಾಚಾರ್ಯರು ಕೇಳುವ ಒಂದು ಪ್ರಶ್ನೆ ಹೀಗಿದೆ. ಶಿವನಿಗೆ ಹತ್ತು ಕೈ, ಹತ್ತು ಆಯುಧ: ಪಾಶ, ಅಂಕುಶ, ಹಾವು, ಡಮರು, ಕಪಾಲ, ತ್ರಿಶೂಲ ಮುಂತಾದವು. ಕೈಯಿಂದ ಕೈಗೆ ಆಯುಧ ಬದಲಿಸುತ್ತಾ ಹೋದರೆ ಎಷ್ಟು ಬೇರೆ ಬೇರೆ ರೂಪಗಳಾಗುತ್ತವೆ? ಮೊದಲ ಕೈಗೆ ಹತ್ತು ಆಯ್ಕೆ, ಎರಡನೆಯದಕ್ಕೆ ಉಳಿದ ಒಂಬತ್ತು, ಮೂರನೆಯದಕ್ಕೆ ಎಂಟು. ಹೀಗೆ ಗುಣಿಸುತ್ತ ಹೋದರೆ 36,28,800. ನಾಲ್ಕು ಕೈಯ ಹರಿಗೆ ಗದೆ, ಚಕ್ರ, ಪದ್ಮ, ಶಂಖ. ಉತ್ತರ 24.

ಈ 24 ಬರೀ ಲೆಕ್ಕದ ಉತ್ತರವಲ್ಲ. ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಸಂಧ್ಯಾವಂದನೆಯಲ್ಲಿ ಹೇಳುವ ಹೆಸರುಗಳೂ 24. ಶಿಲ್ಪಶಾಸ್ತ್ರದಲ್ಲಿ ಈ ಮೂರ್ತಿಗಳನ್ನು ಗುರುತಿಸುವುದು ಮುಖದಿಂದಲ್ಲ, ಯಾವ ಕೈಯಲ್ಲಿ ಯಾವುದಿದೆ ಎಂಬ ಕ್ರಮದಿಂದ. ನಾಲ್ಕೇ ವಸ್ತು, 24 ಜೋಡಣೆ, ಒಂದೊಂದು ಜೋಡಣೆಗೆ ಒಂದೊಂದೇ ಹೆಸರು. ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಯೂಸರ್‌ನೇಮ್ ಎಂದರೆ ಇಷ್ಟೇ.

ಹಾಗೆಂದು ಇದನ್ನೆಲ್ಲ ಮೊದಲು ಕಂಡವರು ಭಾಸ್ಕರಾಚಾರ್ಯರೇ ಅಲ್ಲ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳ ಲೆಕ್ಕಕ್ಕೆ ಸಾಮಾನ್ಯ ನಿಯಮ ಕೊಟ್ಟಾಗಿತ್ತು. ಭಾಸ್ಕರಾಚಾರ್ಯರ ಹೆಚ್ಚುಗಾರಿಕೆ ಇರುವುದು ಹಳೆಯದನ್ನು ಒಟ್ಟು ಮಾಡಿ, ಮುಂದಕ್ಕೊಯ್ದು, ಮಕ್ಕಳಿಗೂ ಹಿಡಿಸುವಂತೆ ಹೇಳಿದ್ದರಲ್ಲಿ. ಆ ಪುಸ್ತಕ ಶತಮಾನಗಟ್ಟಲೆ ಪಾಠಪುಸ್ತಕವಾಗಿ ಉಳಿದದ್ದು ಸುಮ್ಮನೆ ಅಲ್ಲ.

ಒಂದೇ ಅಂಕಿ ಮತ್ತೆ ಮತ್ತೆ ಬಂದರೆ ಏನು ಮಾಡಬೇಕು ಎಂಬುದನ್ನೂ ಅವರು ಹೇಳಿದ್ದಾರೆ. 4, 8, 5, 5, 5 ಎಂಬ ಐದು ಅಂಕಿಗಳಿಂದ 120 ಸಂಖ್ಯೆಗಳಾಗುವುದಿಲ್ಲ, ಬರೀ 20. ಮೂರು ಐದುಗಳನ್ನು ಅದಲುಬದಲು ಮಾಡಿದರೆ ಹೊಸದೇನೂ ಹುಟ್ಟುವುದಿಲ್ಲವಲ್ಲ! ಇದನ್ನು ಮಲ್ಲಪ್ಪನವರ ಹೆಸರಿಗೆ ಹಚ್ಚಿ ನೋಡಿದೆವು. ಇಂಗ್ಲಿಷಿನಲ್ಲಿ ಬರೆದರೆ ಎಂಟು ಅಕ್ಷರ: ಒಂದು ಎಂ, ಮೂರು ಎ, ಎರಡು ಎಲ್, ಎರಡು ಪಿ. ಎಂಟೂ ಬೇರೆ ಬೇರೆ ಇದ್ದಿದ್ದರೆ 40,320 ಜೋಡಣೆ. ಪುನರಾವರ್ತನೆಯಿಂದ ಅದು 1,680ಕ್ಕೆ ಇಳಿಯುತ್ತದೆ.

ಓಟಿಪಿಗೆ ಹತ್ತಿರದ ಲೆಕ್ಕವೂ ಇದೆ. ಸೊನ್ನೆ ಬಿಟ್ಟು, ಯಾವ ಅಂಕಿಯೂ ಎರಡು ಸಲ ಬಾರದಂತೆ, ಆರು ಸ್ಥಾನದ ಎಷ್ಟು ಸಂಖ್ಯೆ ಬರೆಯಬಹುದು? ಅವರ ಉತ್ತರ 60,480. ಇವತ್ತಿನ ಆರಂಕಿಯ ಓಟಿಪಿಯಲ್ಲಿ ಸೊನ್ನೆಯೂ ಬರಬಹುದು, ಅಂಕಿ ಮರುಕಳಿಸಲೂಬಹುದು, ಆದ್ದರಿಂದ ಒಟ್ಟು 10 ಲಕ್ಷ. ಎಣಿಸುವ ಬುದ್ಧಿ ಒಂದೇ ಜಾತಿಯದು. ಆದರೆ ಓಟಿಪಿ ಲೀಲಾವತಿಯಿಂದ ಬಂತು ಎನ್ನುವುದು ಗಾಡಿಯ ಚಕ್ರ ಕಂಡವನು ರೈಲು ಕಂಡುಹಿಡಿದ ಅಂದ ಹಾಗೆ. ಓಟಿಪಿಗೆ ಬೇಕಾದದ್ದು ಎಷ್ಟು ಸಂಖ್ಯೆಗಳಿವೆ ಎಂಬ ಎಣಿಕೆ ಮಾತ್ರವಲ್ಲ, ಅವುಗಳಲ್ಲಿ ಮುಂದೆ ಯಾವುದು ಬರುತ್ತದೆ ಎಂದು ಯಾರಿಗೂ ಊಹಿಸಲಾಗದಂತೆ ಆರಿಸುವುದು. ಅಂಕಪಾಶ ಆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಹಾಗಾದರೆ ಹೆಸರು ಯಾಕೆ ಸಿಗುವುದಿಲ್ಲ?

ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟಕ್ಷರದ ಯೂಸರ್‌ನೇಮ್ ಮಾಡಿದರೆ 20,882 ಕೋಟಿಗೂ ಹೆಚ್ಚು ಬಗೆ ಆಗುತ್ತವೆ. ಜಗತ್ತಿನ ಜನಸಂಖ್ಯೆಗಿಂತ ಎಷ್ಟೋ ಪಟ್ಟು. ಆದರೂ ಮಲ್ಲಪ್ಪನಿಗೆ ಜಾಗ ಇಲ್ಲ, ಏಕೆಂದರೆ ಆ ಕೋಟಿಗಳಲ್ಲಿ ಹೆಚ್ಚಿನವು ಬಾಯಲ್ಲಿ ಹೇಳಲಾಗದ ಅಕ್ಷರದ ರಾಶಿ. ನಾವೆಲ್ಲರೂ ಹೋಗಿ ನಿಲ್ಲುವುದು ಒಂದೇ ಮೂಲೆಯಲ್ಲಿ: ಹೆಸರು, ಮನೆತನ, ಊರು, ಇಸವಿ. ನೋಂದಣಿ ಮಾಡುವ ಕಂಪ್ಯೂಟರ್ ಮಾಡುವ ಕೆಲಸ ಬಹಳ ಸರಳ. ನೀವು ಟೈಪ್ ಮಾಡಿದ್ದನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಇದ್ದರೆ ಬೇಡ ಅನ್ನುತ್ತದೆ, ಇಲ್ಲದಿದ್ದರೆ ಸೇರಿಸಿಕೊಳ್ಳುತ್ತದೆ. ಮೊದಲು ಬಂದವರಿಗೆ ಹೆಸರು. ನಿಪ್ಪಾಣಿಯವರಿಗೂ ನ್ಯೂಯಾರ್ಕಿನವರಿಗೂ ಒಂದೇ ಪಾಳಿ.

ಹೆಸರಿನ ಮುಂದೆ ಎರಡಂಕಿ ಹಾಕಿದರೆ ಸಾಕಲ್ಲ ಅನ್ನಿಸಬಹುದು. 00ರಿಂದ 99ರ ತನಕ 100 ಆಯ್ಕೆ. ಒಂದೇ ಹೆಸರಿನ 13 ಜನ ಕಣ್ಣು ಮುಚ್ಚಿ ಒಂದೊಂದು ಆರಿಸಿಕೊಂಡರೆ, ಅವರಲ್ಲಿ ಕನಿಷ್ಠ ಇಬ್ಬರದ್ದು ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 13 ಜನ ಸಾಕು! ಒಂದು ಕೋಣೆಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಎಂಬ ಪ್ರಸಿದ್ಧ ಲೆಕ್ಕದ ತಮ್ಮ ಇದು. ಮೇಲಾಗಿ ಜನ ಕಣ್ಣು ಮುಚ್ಚಿ ಆರಿಸುವುದಿಲ್ಲ, ಹುಟ್ಟಿದ ಇಸವಿಯನ್ನೇ ಹಾಕುತ್ತಾರೆ. ಆಗ ಡಿಕ್ಕಿ ಇನ್ನೂ ಬೇಗ. ಹೀಗಾಗಿ ಜನ್ಮದಿನಾಂಕ ಸೇರಿಸಿದರೆ ಜಗತ್ತಿನಲ್ಲಿ ಇನ್ನೊಬ್ಬರಿಗೆ ಸಿಗದ ಹೆಸರಾಗುತ್ತದೆ ಎಂಬ ಫಾರ್ವರ್ಡಿನ ಮಾತು ಲೆಕ್ಕದಲ್ಲೇ ಸೋಲುತ್ತದೆ.

ದೊಡ್ಡ ತಪ್ಪು ಅದಲ್ಲ. ಯೂಸರ್‌ನೇಮ್ ಎಂಬುದು ಮನೆಯ ಬಾಗಿಲ ಮೇಲಿನ ಹೆಸರುಫಲಕ. ಎಷ್ಟೋ ಕಡೆ ಅದು ಬೇರೆಯವರಿಗೂ ಕಾಣುತ್ತದೆ. ಅದು ಗೊತ್ತಾದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ, ಬೀಗ ಇರುವುದು ಪಾಸ್‌ವರ್ಡ್ ಮತ್ತು ಓಟಿಪಿಯಲ್ಲಿ. ಆದರೆ ಫಲಕದ ಮೇಲೆಯೇ ಹುಟ್ಟಿದ ಇಸವಿ, ಮೊಬೈಲಿನ ಕೊನೆಯ ಅಂಕಿಗಳನ್ನು ಬರೆದಿಟ್ಟರೆ, ಫೋನ್ ಮಾಡಿ ಬ್ಯಾಂಕಿನವರು ಎಂದು ನಂಬಿಸುವ ವಂಚಕನಿಗೆ ಮೊದಲ ಎರಡು ವಾಕ್ಯ ಪುಕ್ಕಟೆ ಸಿಕ್ಕಂತೆ. ನಿಮ್ಮ ಇಸವಿ ಇದು, ನಂಬರ್ ಹೀಗೆ ಮುಗಿಯುತ್ತದೆ ಎಂದು ಅವನೇ ಹೇಳಿದಾಗ ನಂಬದವರು ಕಡಿಮೆ. ಪಾಸ್‌ವರ್ಡ್ ಕೂಡ ಅದರದ್ದೇ ನಕಲಾಗಿದ್ದರೆ ಅವನು ಫೋನ್ ಮಾಡುವ ತೊಂದರೆಯನ್ನೂ ತೆಗೆದುಕೊಳ್ಳಬೇಕಿಲ್ಲ.

ಭಾಸ್ಕರಾಚಾರ್ಯರು ತಂದೆಯ ಹೆಸರು, ಗೋತ್ರ, ಹುಟ್ಟಿದ ವರ್ಷ, ಊರು ಬರೆದಿಟ್ಟದ್ದು ಒಳ್ಳೆಯದೇ ಆಯಿತು. ಅವರಿಗೆ ಬೇಕಾಗಿದ್ದದ್ದು ನೂರಾರು ವರ್ಷದ ನಂತರವೂ ತಮ್ಮನ್ನು ಇನ್ನೊಬ್ಬರಿಂದ ಬೇರೆಯಾಗಿ ಗುರುತಿಸಬೇಕು ಎಂಬುದು. ನಮ್ಮ ಖಾತೆಗೆ ಬೇಕಾದದ್ದು ತಿರುಗುಮುರುಗು. ಬೇರೆಯವರದ್ದರಿಂದ ಬೇರೆಯಾಗಿರಬೇಕು, ಆದರೆ ನಮ್ಮ ಬಗ್ಗೆ ಏನೂ ಹೇಳಬಾರದು. ಆಧಾರ್ ಸಂಖ್ಯೆಯನ್ನು ಹೀಗೇ ರೂಪಿಸಿದ್ದಾರೆ. ಆ 12 ಅಂಕಿಗಳಲ್ಲಿ ನಿಮ್ಮ ಊರು, ವಯಸ್ಸು, ಜಾತಿ ಯಾವುದೂ ಅಡಗಿಲ್ಲ. ಯಾದೃಚ್ಛಿಕವಾಗಿ ಕೊಟ್ಟದ್ದು, ಕೊನೆಯ ಅಂಕಿ ಬರೆಯುವಾಗಿನ ತಪ್ಪು ಹಿಡಿಯಲು.

1183ರ ಹೊತ್ತಿಗೆ, ಸುಮಾರು 69ನೇ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಕರಣಕುತೂಹಲ ಎಂಬ ಪುಸ್ತಕ ಬರೆದರು. ಪಂಚಾಂಗ ಮಾಡುವವರಿಗೆ ಗ್ರಹಗಳ ಲೆಕ್ಕವನ್ನು ಸುಲಭ ಮಾಡಿಕೊಡುವ ಕೈಪಿಡಿ ಅದು. ಮಗ ಲಕ್ಷ್ಮೀಧರನನ್ನು ಯಾದವರ ಜೈತ್ರಪಾಲ ಆಸ್ಥಾನಕ್ಕೆ ಕರೆಸಿಕೊಂಡ. ಮೊಮ್ಮಗ ಚಂಗದೇವ ಯಾದವ ದೊರೆ ಸಿಂಘಣನ ಬಳಿ ಜ್ಯೋತಿಷಿಯಾಗಿದ್ದು, ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಒಂದು ಮಠ ಸ್ಥಾಪಿಸಿದ. ಪಾಟಣೆಯಲ್ಲಿ 1207ರಲ್ಲಿ ಕೆತ್ತಿಸಿದ ಶಾಸನದಲ್ಲಿ ತ್ರಿವಿಕ್ರಮನಿಂದ ಹಿಡಿದು ತನ್ನವರೆಗೆ ತಲೆಮಾರುಗಳ ಹೆಸರು ಬರೆಸಿದ. ಒಬ್ಬ ಭಾಸ್ಕರಭಟ್ಟನ ಜೊತೆ ಇನ್ನೊಬ್ಬ ಭಾಸ್ಕರನನ್ನು ಕಲಸಿಬಿಡಬಾರದಲ್ಲ.

ಚಿಕ್ಕೋಡಿಯ ಸೆಂಟರಿಗೆ ಎರಡು ದಿನ ಬಿಟ್ಟು ನಾವು ಮತ್ತೆ ಹೋದೆವು. ಮಲ್ಲಪ್ಪನವರನ್ನೂ ಕರೆಸಿದ್ದೆವು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ ಹೇಳಿ, ನಿಮ್ಮ ಹೆಸರು, ಊರು, ದೇವರು, ಇಸವಿ ಮಾತ್ರ ಬೇಡ ಅಂದೆವು. 1,000 ಪದಗಳ ಚೀಲದಿಂದ ಮೂರು ಸಲ ಕೈ ಹಾಕಿ ತೆಗೆದರೆ 100 ಕೋಟಿ ಜೋಡಣೆ ಆಗುತ್ತವೆ ಎಂದು ಹುಡುಗನಿಗೆ ಲೆಕ್ಕ ತೋರಿಸಿದೆವು. ಅವನು ಫೋನಿನಲ್ಲಿ ಗುಣಿಸಿ ನೋಡಿ ಒಪ್ಪಿಕೊಂಡ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ ಒಂದು ಹಕ್ಕಿ, ಒಂದು ಪಾತ್ರೆ, ಒಂದು ಬಣ್ಣ ಹೇಳಿದರು. ಮೊದಲ ಸಲಕ್ಕೇ ಹಸಿರು ಗುರುತು ಬಂತು. ಪಾಸ್‌ವರ್ಡನ್ನು ಅವರು ತಾವೇ ಒತ್ತಿದರು, ನಮ್ಮನ್ನು ಹಾಗೂ ಹುಡುಗನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ. ಹಳೆಯ ಚೀಟಿಯನ್ನು ಅಲ್ಲೇ ಹರಿದರು. ಆ ನಾಲ್ಕಂಕಿಯ ಖಾತೆಯಿಂದ ಏನೂ ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕಾಗುತ್ತಿತ್ತು, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಸಂಖ್ಯೆಯನ್ನು ಸೆಂಟರಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ ಬಂದಿದ್ದೇವೆ.